ನಾಯಕರ ಪೋಸ್ಟನ್ನು ತೂಗುವುದು ಹೇಗೆ: ಸಭ್ಯತೆಗೊಂದು ತಕ್ಕಡಿ, ಹೊಣೆಗೊಂದು ತಕ್ಕಡಿ

ಮೊದಲು ಎರಡು ಪೋಸ್ಟ್ ಓದಿ. ಎರಡನ್ನೂ ಈ ಬರಹಕ್ಕೆಂದು ನಾನೇ ಕಟ್ಟಿದ್ದೇನೆ. ಆದರೆ ಇಂಥವು ನಿಮ್ಮ ಫೋನಿಗೆ ವಾರಕ್ಕೆ ನಾಲ್ಕಾದರೂ ಬರುತ್ತಿರುತ್ತವೆ.

ಒಂದು, ಮಾಜಿ ಶಾಸಕರೊಬ್ಬರದ್ದು: “ತಾಲೂಕಿನ ಕೆರೆಗಳ ಹೂಳೆತ್ತಲು ಬಂದ ಅನುದಾನದಲ್ಲಿ ಅರ್ಧದಷ್ಟು ಎಲ್ಲೆಲ್ಲಿಗೋ ಹೋಗಿದೆಯಂತೆ. ಮಾನ್ಯ ಶಾಸಕರ ಮನೆ ಮುಂದೆ ಹೊಸ ಕಾರು ಬಂದು ನಿಂತಿದೆಯಂತೆ. ನಾನು ಯಾರನ್ನೂ ದೂರುವುದಿಲ್ಲ. ಪ್ರಜ್ಞಾವಂತ ಮತದಾರರಿಗೆ ಎಲ್ಲವೂ ಅರ್ಥವಾಗುತ್ತದೆ.” ಕೊನೆಯಲ್ಲಿ ಕೈಮುಗಿದ ಇಮೋಜಿ.

ಎರಡು, ತಾಲೂಕು ಪಂಚಾಯಿತಿಯ ಮಾಜಿ ಸದಸ್ಯರೊಬ್ಬರದ್ದು: “ಕೆರೆ ಹೂಳೆತ್ತೋಕೆ ಬಂದ ದುಡ್ಡು ಎಲ್ಲಿ ಹೋಯ್ತು ಹೇಳಯ್ಯಾ ಎಮ್ಮೆಲ್ಲೆ. ಟೆಂಡರ್ ಆಗಿದ್ದು ಜನವರೀಲಿ, ಬಿಲ್ ಪಾಸಾಗಿದ್ದು ಮಾರ್ಚಲ್ಲಿ, ಕೆರೇಲಿ ಇವತ್ತಿಗೂ ಒಂದು ಬುಟ್ಟಿ ಮಣ್ಣು ಎತ್ತಿಲ್ಲ. ಬಿಲ್ಲಿನ ಪ್ರತಿ, ನಿನ್ನೆ ತೆಗೆದ ಫೋಟೊ ಎರಡೂ ಹಾಕಿದೀನಿ. ನಾನು ಹೇಳಿದ್ದು ತಪ್ಪಿದ್ರೆ ತೋರಿಸು, ತಿದ್ಕೊತೀನಿ.”

ಯಾವುದು ಸಭ್ಯ ಎಂದು ಕೇಳಿದರೆ ಹೆಚ್ಚಿನವರು ಮೊದಲನೆಯದಕ್ಕೆ ಕೈ ಎತ್ತುತ್ತಾರೆ. ಅದರಲ್ಲಿ ‘ಮಾನ್ಯ’ ಇದೆ, ಬಹುವಚನ ಇದೆ, ನಮಸ್ಕಾರವೂ ಇದೆ. ಆದರೆ ಆ ಪೋಸ್ಟ್ ಒಬ್ಬ ವ್ಯಕ್ತಿಗೆ ಕಳ್ಳನ ಪಟ್ಟ ಕಟ್ಟಿ, ಕಟ್ಟಿದವನು ನಾನಲ್ಲ ಎಂದು ಜಾರಿಕೊಂಡಿದೆ. ಎರಡನೆಯದು ಒರಟು. ಆದರೂ ಅದರ ಒಂದೊಂದು ಮಾತನ್ನೂ ನೀವು ಹೋಗಿ ಪರೀಕ್ಷಿಸಬಹುದು.

ಹದಿನೆಂಟು ವರ್ಷ ಸುದ್ದಿಮನೆಯ ಡೆಸ್ಕಿನಲ್ಲಿ ಕೂತು ರಾಜಕಾರಣಿಗಳ ಹೇಳಿಕೆ ತಿದ್ದಿದವಳು ನಾನು. ಆ ಕೆಲಸ ಕಲಿಸಿದ್ದು ಇಷ್ಟು: ಸಭ್ಯತೆ ಬೇರೆ, ಹೊಣೆಗಾರಿಕೆ ಬೇರೆ. ಎರಡನ್ನೂ ತೂಗಬೇಕು, ಒಂದೇ ತಕ್ಕಡಿಗೆ ಹಾಕಬಾರದು. ನಾವು ಮೊದಲನೆಯದರ ಬಗ್ಗೆ ವಿಪರೀತ ಜಗಳವಾಡಿ ಎರಡನೆಯದನ್ನು ಕೇಳದೆ ಬಿಡುತ್ತೇವೆ. ಕೆಳಗಿನ ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಹಾಕಿ, ಏಕೆಂದರೆ ಮೊದಲೆರಡು ಹೆಜ್ಜೆ ತಪ್ಪಿದರೆ ಉಳಿದ ಶ್ರಮವೆಲ್ಲ ದಂಡ.

ಹೆಜ್ಜೆ 1: ಅದು ಅವರದ್ದೇ ಪೋಸ್ಟೇ?

ಸ್ಕ್ರೀನ್‌ಶಾಟ್ ನೋಡಿ ತೀರ್ಪು ಕೊಡಬೇಡಿ. ಖಾತೆಗೆ ಹೋಗಿ ಮೂಲ ಪೋಸ್ಟ್ ಇದೆಯೇ ನೋಡಿ. ಎಕ್ಸ್‌ನಲ್ಲಿ (ಹಿಂದಿನ ಟ್ವಿಟರ್) ನೀಲಿ ಟಿಕ್ ಇದ್ದ ಮಾತ್ರಕ್ಕೆ ನಂಬುವ ಕಾಲ 2023ರಲ್ಲೇ ಮುಗಿಯಿತು. ಈಗ ಅದನ್ನು ಹಣ ಕೊಟ್ಟು ಪಡೆಯಬಹುದು. ಸರ್ಕಾರಿ ಸಂಸ್ಥೆ ಮತ್ತು ಅಧಿಕಾರಸ್ಥರಿಗೆ ಬೂದು ಬಣ್ಣದ ಟಿಕ್ ಕೊಡುತ್ತಾರೆ. ಫೇಸ್‌ಬುಕ್ ಪುಟವಾದರೆ ‘ಪೇಜ್ ಟ್ರಾನ್ಸ್‌ಪರೆನ್ಸಿ’ ಒತ್ತಿ. ಪುಟ ಶುರುವಾದ ದಿನ ಮತ್ತು ಅದರ ಹಳೆಯ ಹೆಸರುಗಳು ಅಲ್ಲಿರುತ್ತವೆ. ನಿನ್ನೆಯವರೆಗೆ ಸಿನಿಮಾ ನಟನ ಹೆಸರಲ್ಲಿದ್ದ ಪುಟ ಇವತ್ತು ನಾಯಕರ ಹೆಸರಿಗೆ ತಿರುಗಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಹೆಚ್ಚು ಜನ ಬಳಸದ ಇನ್ನೊಂದು ದಾರಿ ಇದೆ. ವಿಧಾನಸಭೆ, ಲೋಕಸಭೆ ಚುನಾವಣೆಗೆ ನಿಲ್ಲುವ ಪ್ರತಿಯೊಬ್ಬರೂ ನಾಮಪತ್ರದ ಜೊತೆ ಫಾರಂ 26ರಲ್ಲಿ ಅಫಿಡವಿಟ್ ಕೊಡಬೇಕು. ಅದರಲ್ಲಿ ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನೂ ಬರೆಯಬೇಕು. 2013ರಿಂದ ಚುನಾವಣಾ ಆಯೋಗ ಇದನ್ನು ಕೇಳುತ್ತಿದೆ. ಆಯೋಗದ ಜಾಲತಾಣದಲ್ಲಿ ನಿಮ್ಮ ಕ್ಷೇತ್ರದ ಅಭ್ಯರ್ಥಿಯ ಅಫಿಡವಿಟ್ ತೆರೆದು ನೋಡಿ. ‘ಅಭಿಮಾನಿ ಬಳಗ’ದ ಪುಟ ಯಾವುದು, ಅವರೇ ಒಪ್ಪಿಕೊಂಡ ಖಾತೆ ಯಾವುದು ಎಂಬುದು ಅಲ್ಲಿ ತೀರ್ಮಾನವಾಗುತ್ತದೆ.

“ಪೋಸ್ಟ್ ಹಾಕಿದ್ದು ನಾನಲ್ಲ, ನನ್ನ ಅಡ್ಮಿನ್” ಎಂಬ ಸಬೂಬನ್ನು ನಾನು ಒಪ್ಪುವುದಿಲ್ಲ. ಖಾತೆಯಿಂದ ಬರುವ ಹೆಸರು ಬೇಕು ಎನ್ನುವವರು ಅದರ ಭಾರವನ್ನೂ ಹೊರಬೇಕು.

ಹೆಜ್ಜೆ 2: ವಾಕ್ಯ ಮುಗಿದಿದೆಯೇ?

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಇದು ಕನ್ನಡಕ್ಕೇ ಅಂಟಿದ ಅಪಾಯ. ನಮ್ಮ ವಾಕ್ಯದ ಜೀವ ಕೊನೆಯಲ್ಲಿರುತ್ತದೆ. ‘ಇಲ್ಲ’, ‘ಅಲ್ಲ’, ‘ಅಂತ’, ‘ಎಂದು ಅವರು ಹೇಳುತ್ತಾರೆ’ ಎಲ್ಲ ಬರುವುದು ಕಡೆಯಲ್ಲೇ. ವಿಡಿಯೊದ ತುದಿಯಿಂದ ಅರ್ಧ ಸೆಕೆಂಡ್ ಕತ್ತರಿಸಿದರೆ ಸಾಕು, ಎದುರಾಳಿಯ ಮಾತನ್ನು ಉದ್ಧರಿಸಿ ಖಂಡಿಸುತ್ತಿದ್ದವರು ಅದೇ ಮಾತನ್ನು ತಾವೇ ಆಡಿದಂತೆ ಕೇಳುತ್ತದೆ.

ನನ್ನ ಪಾಳಿಯಲ್ಲೇ ಇದು ಆಗಿದೆ. ನಾಯಕರೊಬ್ಬರು ಸಭೆಯಲ್ಲಿ, “ಈ ಯೋಜನೆ ಬಡವರನ್ನ ಸೋಮಾರಿ ಮಾಡುತ್ತೆ ಅಂತಾರಲ್ಲ, ಅಂಥವರು ಒಂದು ದಿನ ಬಂದು ಗಾರೆ ಕೆಲಸ ಮಾಡಲಿ” ಎಂದಿದ್ದರು. ನಮಗೆ ಬಂದ ಕ್ಲಿಪ್ ‘ಸೋಮಾರಿ ಮಾಡುತ್ತೆ’ಗೆ ನಿಂತಿತ್ತು. ರಾತ್ರಿ ಹನ್ನೊಂದೂವರೆ, ಪುಟ ಮುಗಿಸುವ ಗಡಿಬಿಡಿ. ಆ ಮಾತನ್ನೇ ತಲೆಬರಹ ಮಾಡಿದೆ. ಮರುದಿನ ಪೂರ್ತಿ ಭಾಷಣ ಕೇಳಿಸಿಕೊಂಡಾಗ ಕೈಕಾಲು ತಣ್ಣಗಾಯಿತು. ತಲೆಬರಹ ಐದು ಕಾಲಂ ಇತ್ತು. ತಿದ್ದುಪಡಿ ಒಳಪುಟದಲ್ಲಿ ಮೂರು ಸಾಲು ಬಂತು. ಅಂದಿನಿಂದ ‘ತ್ತೆ’, ‘ತ್ತಾರೆ’ಗಳಿಗೆ ತಟ್ಟನೆ ನಿಲ್ಲುವ ಕ್ಲಿಪ್ ಕಂಡರೆ ಮುಂದಿನ ಮಾತು ಸಿಗುವವರೆಗೂ ನಾನು ಹುಡುಕುತ್ತೇನೆ. ನೀವೂ ಹಾಗೇ ಮಾಡಿ. ಪಕ್ಷದ ಪುಟದಲ್ಲೋ ಯಾವುದಾದರೂ ಚಾನೆಲ್ಲಿನ ನೇರಪ್ರಸಾರದಲ್ಲೋ ಪೂರ್ತಿ ವಿಡಿಯೊ ಸಾಮಾನ್ಯವಾಗಿ ಸಿಗುತ್ತದೆ.

ಬರೆದ ಪೋಸ್ಟಿಗೂ ಇದೇ ನಿಯಮ. ಅದು ಯಾರಿಗೆ ಕೊಟ್ಟ ಉತ್ತರ? ಸರಣಿಯ ಎಷ್ಟನೆಯ ತುಂಡು? ಇಂಗ್ಲಿಷ್ ಅಥವಾ ಹಿಂದಿಗೆ ಅನುವಾದವಾಗಿ ತಿರುಗಿ ನಮ್ಮ ಬಳಿ ಬಂದ ಕನ್ನಡದ ಹೇಳಿಕೆಯಾದರೆ ಮೂಲ ಕನ್ನಡವನ್ನೇ ಓದಿ. ಪೋಸ್ಟನ್ನು ಆಮೇಲೆ ತಿದ್ದಿದ್ದರೆ ಫೇಸ್‌ಬುಕ್‌ನಲ್ಲಿ ತಿದ್ದುಪಡಿಯ ಇತಿಹಾಸ ಕಾಣುತ್ತದೆ.

ಹೆಜ್ಜೆ 3: ಹೇಳಿದವರು ಯಾವ ಕುರ್ಚಿಯಿಂದ ಹೇಳಿದರು?

ಅದೇ ವಾಕ್ಯವನ್ನು ಟೀ ಅಂಗಡಿಯಲ್ಲಿ ಕೂತವರು ಆಡುವುದಕ್ಕೂ ಗೃಹ ಸಚಿವರು ಆಡುವುದಕ್ಕೂ ವ್ಯತ್ಯಾಸವಿದೆ. ಟಿವಿ ನಿರೂಪಕ ಅಮೀಶ್ ದೇವಗನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಕೊಟ್ಟ ತೀರ್ಪು ಇದನ್ನೇ ಹೇಳಿತು. ಜನರ ಮೇಲೆ ಪ್ರಭಾವ ಇರುವವರ ಮಾತು ದೂರ ಹೋಗುತ್ತದೆ, ನಂಬಿಕೆ ಹುಟ್ಟಿಸುತ್ತದೆ, ಆದ್ದರಿಂದ ಅವರ ಹೊಣೆಯೂ ಹೆಚ್ಚು. ಯಾರು ಹೇಳಿದರು, ಏನು ಹೇಳಿದರು, ಯಾವ ಸಂದರ್ಭದಲ್ಲಿ ಹೇಳಿದರು ಎಂಬ ಮೂರನ್ನೂ ಒಟ್ಟಿಗೆ ನೋಡಬೇಕು ಎಂಬುದು ಅದರ ಸಾರ.

ಶಾಸನಸಭೆಯ ಸದನದೊಳಗೆ ಆಡಿದ ಮಾತಿಗೆ ಸಂವಿಧಾನದ 194ನೇ ವಿಧಿಯ ರಕ್ಷಣೆ ಇದೆ, ಅದಕ್ಕಾಗಿ ಶಾಸಕರನ್ನು ಕೋರ್ಟಿಗೆ ಎಳೆಯುವಂತಿಲ್ಲ. ಅದೇ ಶಾಸಕರು ಮೊಗಸಾಲೆಗೆ ಬಂದು ಅದನ್ನೇ ಪೋಸ್ಟ್ ಮಾಡಿದರೆ ಆ ರಕ್ಷಣೆ ಇಲ್ಲ. ಸದನದಲ್ಲಿ ಕಟ್ಟುಪಾಡೂ ಇದೆ. ಲೋಕಸಭೆಯ ನಿಯಮ 353ರ ಪ್ರಕಾರ ಯಾರ ಮೇಲಾದರೂ ಮಾನಹಾನಿಯಾಗುವಂಥ ಆರೋಪ ಮಾಡುವ ಮುನ್ನ ಸ್ಪೀಕರ್‌ಗೆ ನೋಟಿಸ್ ಕೊಡಬೇಕು. ನಿಯಮ 380ರಡಿ ಅಸಭ್ಯ ಮಾತನ್ನು ಕಡತದಿಂದ ತೆಗೆಸಬಹುದು. ಫೋನಿನಲ್ಲಿ ಸ್ಪೀಕರ್ ಇಲ್ಲ. ಮುಂಚೆ ನೋಟಿಸ್ ಕೊಡುವವರೂ ಇಲ್ಲ, ಆಮೇಲೆ ಕಡತದಿಂದ ತೆಗೆಯುವವರೂ ಇಲ್ಲ. ಆ ಕೆಲಸವನ್ನು ಓದುವ ನಾವು ಮಾಡಬೇಕಾಗಿದೆ ಎಂಬ ಕಾರಣಕ್ಕೇ ಇಷ್ಟು ಬರೆಯುತ್ತಿದ್ದೇನೆ.

“ಅದು ಅವರ ವೈಯಕ್ತಿಕ ಹೇಳಿಕೆ” ಎಂದು ಪಕ್ಷವೋ ಸರ್ಕಾರವೋ ಕೈ ತೊಳೆದುಕೊಂಡರೆ? ಕೌಶಲ್ ಕಿಶೋರ್ ಪ್ರಕರಣದಲ್ಲಿ 2023ರ ಜನವರಿ 3ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಈ ಪ್ರಶ್ನೆಯನ್ನು ಎದುರಿಸಿತು. ಸಚಿವರ ಹೇಳಿಕೆಯನ್ನು ಸರ್ಕಾರದ ತಲೆಗೆ ಕಟ್ಟಲಾಗದು, ಅವರ ವಾಕ್ ಸ್ವಾತಂತ್ರ್ಯಕ್ಕೆ, ಅದರ ಮಿತಿಗಳನ್ನು ಹೇಳುವ ಸಂವಿಧಾನದ 19(2)ನೇ ವಿಧಿಯಲ್ಲಿ ಇಲ್ಲದ ಹೊಸ ಕಟ್ಟುಪಾಡನ್ನು ಹೇರಲಾಗದು ಎಂದಿತು ಬಹುಮತ. ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಪ್ರತ್ಯೇಕ ತೀರ್ಪು ಬರೆದರು. ಸಚಿವರು ಅಧಿಕಾರದ ಹೆಸರಲ್ಲಿ ಆಡಿದ ಮಾತು ಸರ್ಕಾರದ ನಿಲುವನ್ನೇ ಹೇಳುತ್ತಿದ್ದರೆ ಅದು ಸರ್ಕಾರಕ್ಕೂ ಅಂಟುತ್ತದೆ, ಅಂಥವರಿಗೆ ಪಕ್ಷಗಳೇ ನೀತಿಸಂಹಿತೆ ಮಾಡಿಕೊಳ್ಳಬೇಕು ಎಂದರು. ಕಾನೂನಿನಲ್ಲಿ ಬಹುಮತವೇ ನಡೆಯುತ್ತದೆ. ಮತದಾರರಾಗಿ ತೂಗುವಾಗ ನನಗೆ ನಾಗರತ್ನ ಅವರ ಪ್ರಶ್ನೆಯೇ ಉಪಯೋಗಕ್ಕೆ ಬಂದಿದೆ: ಖಾತೆಯ ಮೇಲೆ ‘ಸಚಿವರು, ಕರ್ನಾಟಕ ಸರ್ಕಾರ’ ಎಂದು ಬರೆದುಕೊಂಡು ಹಾಕಿದ ಪೋಸ್ಟ್ ಎಷ್ಟು ವೈಯಕ್ತಿಕ?

ಹೆಜ್ಜೆ 4: ಸಭ್ಯತೆಯ ತಕ್ಕಡಿ

ಕನ್ನಡದ ಟಿವಿಗೆ ಅಸಭ್ಯತೆ ಎಂದರೆ ಏಕವಚನ. ‘ಏಕವಚನದಲ್ಲೇ ವಾಗ್ದಾಳಿ’ ಎಂಬ ಪಟ್ಟಿ ಓಡುತ್ತದೆ, ಅಲ್ಲಿಗೆ ವಿಚಾರ ಮುಗಿಯಿತು. ಏಕವಚನ ನೋವು ಮಾಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಶತಮಾನಗಳ ಕಾಲ ಯಾರನ್ನು ‘ಲೋ’, ‘ಏ’ ಎಂದು ಕರೆದರು, ಯಾರನ್ನು ‘ಒಡೆಯರೇ’ ಎಂದರು ಎಂಬ ನೆನಪು ನಮ್ಮ ಸರ್ವನಾಮಗಳಲ್ಲೇ ಇದೆ. ಮೇಲಿನವರು ಕೆಳಗಿನವರನ್ನು, ಗಂಡಸರು ಹೆಂಗಸರನ್ನು, ಪ್ರಬಲ ಜಾತಿಯವರು ದಲಿತರನ್ನು ಏಕವಚನದಲ್ಲಿ ಕರೆದರೆ ಅದನ್ನು ಅವಮಾನವೆಂದೇ ಬರೆದುಕೊಳ್ಳಿ. ಆದರೆ ಮಂಡ್ಯ, ಹಾಸನದ ಕಡೆ ಹಳ್ಳಿಯ ಮುದುಕಿಯೊಬ್ಬರು ಮುಖ್ಯಮಂತ್ರಿಯನ್ನು “ಏನಪ್ಪಾ, ನೀನು ಕೊಟ್ಟ ಮಾತೇನಾಯ್ತು” ಎಂದು ಕೇಳಿದರೆ ಅದರಲ್ಲಿ ಸಲಿಗೆಯೂ ಇದೆ, ಹಕ್ಕೂ ಇದೆ. ದಿಕ್ಕು ನೋಡಿ: ಮಾತು ಮೇಲಿಂದ ಕೆಳಕ್ಕೆ ಬೀಳುತ್ತಿದೆಯೋ, ಕೆಳಗಿಂದ ಮೇಲಕ್ಕೆ ಏಳುತ್ತಿದೆಯೋ?

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವ ಪದಗಳನ್ನು ಟಿವಿಯವರು ಗಮನಿಸುವುದೇ ಇಲ್ಲ. “ಕೈಗೆ ಬಳೆ ತೊಟ್ಟುಕೊಂಡು ಕೂತಿಲ್ಲ.” “ಗಂಡಸಾಗಿದ್ದರೆ ಉತ್ತರ ಕೊಡಲಿ.” “ಸರ್ಕಾರಕ್ಕೆ ಕಣ್ಣೂ ಇಲ್ಲ, ಕಿವಿಯೂ ಇಲ್ಲ, ಕುರುಡು ಸರ್ಕಾರ.” ಇಲ್ಲಿ ಬೈಸಿಕೊಂಡವರು ಎದುರಾಳಿ ಮಾತ್ರವೇ? ಬಳೆ ತೊಟ್ಟವರಿಗೂ ಕಣ್ಣು ಕಾಣದವರಿಗೂ ಈ ರಾಜಕೀಯದಲ್ಲಿ ಯಾವ ಪಾತ್ರವೂ ಇರಲಿಲ್ಲ, ಆದರೂ ಏಟು ಅವರಿಗೆ ಬಿತ್ತು. ಒಂದು ಜಾತಿಯ ಹೆಸರನ್ನೋ ಕಸುಬನ್ನೋ ಬೈಗುಳದಂತೆ ಬಳಸುವುದು ಇನ್ನೂ ಕೆಟ್ಟದ್ದು.

ಸಿಟ್ಟು ಅಸಭ್ಯತೆಯಲ್ಲ. ವ್ಯಂಗ್ಯ ಅಸಭ್ಯತೆಯಲ್ಲ. ‘ಸುಳ್ಳುಗಾರ’ ಎಂಬುದು ಕೂಡ, ಯಾವ ಸುಳ್ಳು ಎಂದು ತೋರಿಸಿದ್ದರೆ, ಕಠಿಣ ಟೀಕೆ ಅಷ್ಟೇ. ಅಮೆರಿಕದ ಸಂಶೋಧಕಿ ಝಿಝಿ ಪಾಪಚರಿಸ್ಸಿ 2004ರಲ್ಲಿ ಮಾಡಿದ ಒಂದು ಭೇದ ಇಲ್ಲಿ ನೆರವಿಗೆ ಬರುತ್ತದೆ. ಮರ್ಯಾದೆ ತಪ್ಪಿದ ಮಾತು ಒಂದು, ಎದುರಿನವರ ಹಕ್ಕನ್ನೇ ನಿರಾಕರಿಸುವ ಮಾತು ಇನ್ನೊಂದು. ಪ್ರಜಾಪ್ರಭುತ್ವಕ್ಕೆ ಪೆಟ್ಟು ಕೊಡುವುದು ಎರಡನೆಯದು. “ನಿಮ್ಮ ಲೆಕ್ಕ ದರಿದ್ರವಾಗಿದೆ” ಎಂಬುದಕ್ಕಿಂತ “ತಮ್ಮಂಥವರು ಈ ದೇಶದಲ್ಲಿ ಮಾತನಾಡಲು ಯಾರು ಸ್ವಾಮಿ” ಎಂಬುದು ಹೆಚ್ಚು ಅಸಭ್ಯ, ಎಷ್ಟೇ ‘ತಾವು’, ‘ಸ್ವಾಮಿ’ ಹಾಕಿರಲಿ.

ಅಳತೆಗೋಲು ಬೇಕೆಂದರೆ ಚುನಾವಣಾ ಮಾದರಿ ನೀತಿಸಂಹಿತೆಯ ಮೊದಲ ಭಾಗ ಓದಿ. ಟೀಕೆ ನೀತಿ, ಕಾರ್ಯಕ್ರಮ, ಹಿಂದಿನ ಸಾಧನೆ ಮತ್ತು ಕೆಲಸಕ್ಕೆ ಸೀಮಿತವಾಗಿರಬೇಕು, ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ಖಾಸಗಿ ಬದುಕನ್ನು ಎಳೆಯಬಾರದು, ಖಚಿತಪಡದ ಆರೋಪ ಮಾಡಬಾರದು ಎಂದಿದೆ. ಚುನಾವಣೆ ಇಲ್ಲದ ದಿನಗಳಿಗೂ ಇದು ಒಳ್ಳೆಯ ಅಳತೆ.

ಹೆಜ್ಜೆ 5: ಹೊಣೆಯ ತಕ್ಕಡಿ

ಪೋಸ್ಟಿನ ಒಂದೊಂದು ವಾಕ್ಯದ ಪಕ್ಕದಲ್ಲೂ ಪೆನ್ಸಿಲಿನಲ್ಲಿ ಗುರುತು ಹಾಕಿ. ಇದು ನಡೆದ ಸಂಗತಿಯೇ, ಅವರ ಅಭಿಪ್ರಾಯವೇ, ಏನಾದರೂ ಮಾಡಿ ಎಂಬ ಕರೆಯೇ? ಸಂಗತಿಯಾದರೆ ದಾಖಲೆ ಕೇಳಬೇಕು. ಅಭಿಪ್ರಾಯವಾದರೆ ಕಾರಣ ಕೇಳಬೇಕು. ಕರೆಯಾದರೆ ಯಾರ ವಿರುದ್ಧ, ಏನು ಮಾಡಲು ಎಂದು ಕೇಳಬೇಕು.

ಆಮೇಲೆ ಕ್ರಿಯಾಪದಗಳ ಬಾಲ ನೋಡಿ. ಕನ್ನಡದಲ್ಲಿ ಹೊಣೆ ಜಾರಿಸಲು ಒಂದೇ ಒಂದು ಪ್ರತ್ಯಯ ಸಾಕು: ‘ಅಂತೆ’. ‘ತಿಂದಿದ್ದಾರೆ’ ಎಂದರೆ ನಾಳೆ ಸಾಬೀತು ಮಾಡಬೇಕು. ‘ತಿಂದಿದ್ದಾರಂತೆ’ ಎಂದರೆ ಯಾರೋ ಹೇಳಿದರು, ನಾನು ಕೇಳಿದೆ, ನೀವು ನಂಬಿದಿರಿ. ಅಜ್ಜಿಕತೆಯಲ್ಲಿ ಚೆಂದ ಕಾಣುವ ‘ಅಂತೆ’ ಜನಪ್ರತಿನಿಧಿಯ ಪೋಸ್ಟಿನಲ್ಲಿ ಬಂದರೆ ಅಪಾಯ, ಏಕೆಂದರೆ ಅವರ ಬಾಯಿಂದ ಬಂದದ್ದೇ ಅದಕ್ಕೆ ಮುದ್ರೆ ಒತ್ತುತ್ತದೆ. ‘ಎಂಬ ಮಾಹಿತಿ ಇದೆ’, ‘ಎಂಬ ಅನುಮಾನ ಜನರಲ್ಲಿದೆ’, ‘ಇದು ನಿಜವೇ?’ ಎಂಬ ಪ್ರಶ್ನಾರ್ಥಕ, ಎಲ್ಲ ಇದೇ ಬಳಗ. ‘ಕೆಲವರು’, ‘ಆ ಜನ’, ‘ಅವರ ಕಡೆಯವರು’ ಎಂದು ಹೆಸರಿಲ್ಲದೆ ಒಂದು ಸಮುದಾಯದ ಕಡೆ ಬೆರಳು ತೋರಿಸುವ ಪದಗಳಿಗೂ ಕೆಂಪು ಗೆರೆ ಎಳೆಯಿರಿ. ನಾನು ಡೆಸ್ಕಿನಲ್ಲಿ ಒಂದು ಅಭ್ಯಾಸ ಇಟ್ಟುಕೊಂಡಿದ್ದೆ: ‘ಅಂತೆ’ಯನ್ನೆಲ್ಲ ಅಳಿಸಿ ನೇರ ವಾಕ್ಯ ಮಾಡಿ ಓದುವುದು. ಹಾಗೆ ಓದಿದ ಮೇಲೆ ಅದಕ್ಕೆ ಸಹಿ ಹಾಕಲು ಆ ನಾಯಕರು ಒಪ್ಪುತ್ತಾರೆಯೇ? ಇಲ್ಲವಾದರೆ ಅದು ಹೊಣೆಗೇಡಿ ಹೇಳಿಕೆ.

ಖಾಸಗಿ ವ್ಯಕ್ತಿಯನ್ನು ಟ್ಯಾಗ್ ಮಾಡಿದ್ದಾರೆಯೇ ಎಂದೂ ನೋಡಿ. ಲಕ್ಷಾಂತರ ಹಿಂಬಾಲಕರಿರುವವರು ತಮ್ಮನ್ನು ಪ್ರಶ್ನಿಸಿದ ಒಬ್ಬ ವಿದ್ಯಾರ್ಥಿನಿಯ ಖಾತೆಯನ್ನು ಎತ್ತಿ ತೋರಿಸಿ “ಇವರಿಗೆ ಶುಭವಾಗಲಿ” ಎಂದಷ್ಟೇ ಬರೆದರೂ, ಅರ್ಧ ಗಂಟೆಯಲ್ಲಿ ಆ ಹುಡುಗಿಯ ಇನ್‌ಬಾಕ್ಸ್ ಏನಾಗುತ್ತದೆ ಎಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ.

ಹೆಜ್ಜೆ 6: ಯಾವ ಹೊತ್ತಿನಲ್ಲಿ ಹೇಳಿದರು?

ವಿಶ್ವಸಂಸ್ಥೆಯ ಆಶ್ರಯದಲ್ಲಿ 2012ರಲ್ಲಿ ಮೊರಾಕ್ಕೊದ ರಬಾತ್‌ನಲ್ಲಿ ರೂಪುಗೊಂಡ ಕಾರ್ಯಯೋಜನೆ ದ್ವೇಷ ಕೆರಳಿಸುವ ಮಾತನ್ನು ಅಳೆಯಲು ಆರು ಅಂಶ ಕೊಟ್ಟಿದೆ: ಸಂದರ್ಭ, ಮಾತಾಡಿದವರ ಸ್ಥಾನ, ಉದ್ದೇಶ, ಒಕ್ಕಣೆ, ಹರಡಿದ ವ್ಯಾಪ್ತಿ, ಹಾನಿಯಾಗುವ ಸಂಭವ. ಕ್ರಿಮಿನಲ್ ಶಿಕ್ಷೆಗೆ ಯೋಗ್ಯವೇ ಎಂದು ನೋಡುವ ಎತ್ತರದ ಹೊಸ್ತಿಲು ಅದು. ಆದರೆ ಸಂದರ್ಭವನ್ನು ಮೊದಲಿಗೆ ಇಟ್ಟಿರುವುದು ನಮಗೂ ಪಾಠ.

ಅದೇ ವರ್ಷದ ಆಗಸ್ಟ್‌ನ ಬೆಂಗಳೂರು ನೆನಪಿಸಿಕೊಳ್ಳಿ. ಅಸ್ಸಾಂನಲ್ಲಿ ಗಲಭೆ ನಡೆದಿತ್ತು. ಈಶಾನ್ಯದವರ ಮೇಲೆ ಇಲ್ಲೂ ದಾಳಿಯಾಗುತ್ತದೆ ಎಂಬ ಎಸ್ಸೆಮ್ಮೆಸ್ ಹರಿದಾಡಿತು. ಸಾವಿರಾರು ಜನ ಕೈಗೆ ಸಿಕ್ಕ ಬ್ಯಾಗು ಹಿಡಿದು ಸಿಟಿ ರೈಲು ನಿಲ್ದಾಣಕ್ಕೆ ಓಡಿದರು, ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಕೇಂದ್ರ ಸರ್ಕಾರ ದೇಶದಾದ್ಯಂತ ಒಂದು ಬಾರಿಗೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸದಂತೆ ತಡೆ ಹಾಕಿತು. ಅಂಥ ವಾರದಲ್ಲಿ ನಾಯಕರೊಬ್ಬರು “ಹೊರಗಿನಿಂದ ಬಂದವರು ಎಷ್ಟಿದ್ದಾರೆ ಲೆಕ್ಕ ಕೊಡಿ” ಎಂದು ಪೋಸ್ಟ್ ಹಾಕಿದರೆ, ವಾಕ್ಯದಲ್ಲಿ ಕೆಟ್ಟ ಪದ ಒಂದೂ ಇರುವುದಿಲ್ಲ. ಬಜೆಟ್ ಚರ್ಚೆಯ ದಿನ ಅದು ಪ್ರಶ್ನೆ, ಆ ವಾರ ಅದು ಬೆಂಕಿಪೊಟ್ಟಣ.

ಆದರೆ ಕೆಟ್ಟ ಮಾತೆಲ್ಲ ಅಪರಾಧವಲ್ಲ ಎಂಬ ಎಚ್ಚರವೂ ಇರಲಿ. ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಸಂದೇಶ ಹಾಕಿದವರನ್ನು ಶಿಕ್ಷಿಸುತ್ತಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ನನ್ನು ರದ್ದು ಮಾಡುವಾಗ ಚರ್ಚೆ, ಪ್ರತಿಪಾದನೆ, ಪ್ರಚೋದನೆ ಎಂದು ಮೂರನ್ನು ಬೇರ್ಪಡಿಸಿತು. ಪ್ರಚೋದನೆಯ ಮಟ್ಟ ಮುಟ್ಟಿದಾಗ ಮಾತ್ರ ಕಾನೂನು ಕೈ ಹಾಕಬಹುದು. ನಮ್ಮ ತಕ್ಕಡಿ ಮಾತನ್ನು ತೂಗುವುದಕ್ಕೆ, ಯಾರನ್ನೂ ಜೈಲಿಗೆ ಕಳಿಸುವುದಕ್ಕಲ್ಲ.

ಹೆಜ್ಜೆ 7: ತಪ್ಪು ತೋರಿಸಿದ ಮೇಲೆ ಏನು ಮಾಡಿದರು?

ಕಾದು ನೋಡಿ, ಒಂದೆರಡು ದಿನ. ಸದ್ದಿಲ್ಲದೆ ಅಳಿಸಿದರೆ? ತಿದ್ದುಪಡಿ ಹಾಕಿದರೆ? “ನನ್ನ ಹೇಳಿಕೆಯನ್ನು ತಿರುಚಲಾಗಿದೆ” ಎಂದರೆ, ತಿರುಚದ ಮೂಲವನ್ನು ಜೊತೆಗೇ ಕೊಟ್ಟರೇ?

ಕ್ಷಮೆಯನ್ನೂ ಓದಲು ಕಲಿಯಬೇಕು. ‘ವಿಷಾದಿಸುತ್ತೇನೆ’ ಎಂದರೆ ಹೀಗಾಯಿತಲ್ಲ ಎಂಬ ಬೇಸರ. ‘ಕ್ಷಮಿಸಿ’ ಎಂದರೆ ತಪ್ಪು ನನ್ನದು. ಎರಡರ ನಡುವೆ ‘ಯಾರಿಗಾದರೂ ನೋವಾಗಿದ್ದರೆ’ ಎಂಬ ‘ದ್ದರೆ’ ನುಸುಳಿದರೆ ತಪ್ಪು ನೊಂದವರ ಕಡೆಗೆ ತಿರುಗುತ್ತದೆ. ಕೌಶಲ್ ಕಿಶೋರ್ ಪ್ರಕರಣದ ಮೂಲದಲ್ಲೇ ಇದಕ್ಕೆ ಉದಾಹರಣೆ ಇದೆ. 2016ರ ಬುಲಂದ್‌ಶಹರ್ ಸಾಮೂಹಿಕ ಅತ್ಯಾಚಾರವನ್ನು ಉತ್ತರ ಪ್ರದೇಶದ ಅಂದಿನ ಸಚಿವ ಆಜಂ ಖಾನ್ ರಾಜಕೀಯ ಪಿತೂರಿ ಎಂಬಂತೆ ಮಾತಾಡಿದ್ದರು. ಸುಪ್ರೀಂ ಕೋರ್ಟಿಗೆ ಕೊಟ್ಟ ಮೊದಲ ಕ್ಷಮಾಪಣೆಯ ಅಫಿಡವಿಟ್‌ನಲ್ಲಿ ಈ ‘ದ್ದರೆ’ ಇತ್ತು. ಅದು ಒಪ್ಪಿಗೆಯಾಗಲಿಲ್ಲ. ಹೊಸದಾಗಿ ಬರೆದು ತಂದ ಮೇಲಷ್ಟೇ ಆ ಡಿಸೆಂಬರ್‌ನಲ್ಲಿ ನ್ಯಾಯಾಲಯ ಅಂಗೀಕರಿಸಿತು.

ಹೆಜ್ಜೆ 8: ಹೆಸರು ಬದಲಿಸಿ ಓದಿ

ಪೋಸ್ಟನ್ನು ನೋಟ್ಸ್ ಆ್ಯಪಿಗೆ ಹಾಕಿ, ನಿಮಗೆ ಇಷ್ಟವಾದ ನಾಯಕರ ಹೆಸರಿದ್ದ ಕಡೆ ಆಗದವರ ಹೆಸರು ಹಾಕಿ, ಬೈಸಿಕೊಂಡವರ ಜಾಗಕ್ಕೆ ನಿಮ್ಮ ಜಾತಿ, ನಿಮ್ಮ ಊರು, ನಿಮ್ಮ ಧರ್ಮ ಹಾಕಿ. ಗಟ್ಟಿಯಾಗಿ ಓದಿ. ಈ ಹೆಜ್ಜೆ ನನಗೆ ಇವತ್ತಿಗೂ ಕಷ್ಟ. ನಾನು ಮೆಚ್ಚುವ ಒಬ್ಬರ ಪೋಸ್ಟಿಗೆ ‘ದಿಟ್ಟ ನುಡಿ’ ಎಂದು ಬರೆದುಕೊಂಡಿದ್ದೆ. ಹೆಸರು ಬದಲಿಸಿ ಓದಿದಾಗ ಅದನ್ನು ಹೊಡೆದುಹಾಕಬೇಕಾಯಿತು.

ಹೆಜ್ಜೆ 9: ತೀರ್ಪನ್ನು ಬರೆದಿಡಿ

ಎರಡು ಸಾಲು ಸಾಕು, ಒಂದು ಸಭ್ಯತೆಗೆ, ಒಂದು ಹೊಣೆಗೆ. ಕೆಟ್ಟ ಪೋಸ್ಟನ್ನು ಖಂಡಿಸಲೆಂದೇ ಹಂಚಿಕೊಂಡರೂ ಅದಕ್ಕೆ ಹೊಸ ಓದುಗರು ಸಿಗುತ್ತಾರೆ, ಆದ್ದರಿಂದ ನಿಮ್ಮ ಮಾತಿನಲ್ಲಿ ಬರೆಯಿರಿ. ದೂರು ಕೊಡಬೇಕೆನಿಸಿದರೆ ಜಾಲತಾಣದ ಕುಂದುಕೊರತೆ ಅಧಿಕಾರಿಗೆ ಬರೆಯಬಹುದು. 2021ರ ಐಟಿ ನಿಯಮಗಳ ಪ್ರಕಾರ 24 ಗಂಟೆಯೊಳಗೆ ಸ್ವೀಕೃತಿ, ನಿಗದಿತ ಗಡುವಿನೊಳಗೆ ಸಾಮಾನ್ಯವಾಗಿ ಪರಿಹಾರ ಸಿಗಬೇಕು. ಚುನಾವಣೆ ಘೋಷಣೆಯಾಗಿದ್ದರೆ ಜಿಲ್ಲಾ ಚುನಾವಣಾಧಿಕಾರಿಗೂ ಕೊಡಬಹುದು. ಖಾತೆಯ ವಿಳಾಸ, ಪೋಸ್ಟಿನ ಲಿಂಕ್, ದಿನಾಂಕ, ವೇಳೆ ಇರಲಿ.

ಆರಂಭದ ಎರಡು ಪೋಸ್ಟುಗಳ ಬಗ್ಗೆ ನನ್ನ ಪುಸ್ತಕದಲ್ಲಿ ಹೀಗೆ ಬರೆದುಕೊಳ್ಳುತ್ತೇನೆ.

ಮಾಜಿ ಶಾಸಕರು: ಭಾಷೆ ನಯ. ಎರಡು ‘ಅಂತೆ’, ಒಂದೂ ದಾಖಲೆ ಇಲ್ಲ, ಕಾರಿಗೂ ಕೆರೆಗೂ ಸಂಬಂಧ ತೋರಿಸಿಲ್ಲ. ಹೊಣೆಗೇಡಿ. ಬಿಲ್ಲಿನ ಪ್ರತಿ ಹಾಕಿದರೆ ಅಥವಾ ಪೋಸ್ಟ್ ಹಿಂಪಡೆದು ಕಾರಣ ಹೇಳಿದರೆ ಈ ಸಾಲನ್ನು ತಿದ್ದಬೇಕು.

ತಾಲೂಕು ಪಂಚಾಯಿತಿ ಮಾಜಿ ಸದಸ್ಯರು: ‘ಹೇಳಯ್ಯಾ’ ಒರಟು, ‘ಹೇಳಿ’ ಎಂದಿದ್ದರೂ ಆಗುತ್ತಿತ್ತು. ದಿನಾಂಕ ಇದೆ, ಬಿಲ್ ಇದೆ, ಫೋಟೊ ಇದೆ, ತಿದ್ದಿಕೊಳ್ಳುವ ಮಾತೂ ಇದೆ. ಹೊಣೆಯರಿತ ಹೇಳಿಕೆ. ಭಾನುವಾರ ಕೆರೆ ಕಡೆ ಹೋಗಿ ನೋಡಿ ಬರಬೇಕು.